27 ಇಂಚಿನ ಹಳೆಯ ಗೋಡೆ ಓವನ್‌ಗೆ ಬದಲಿ ಯಾವುದು?

ನಮಸ್ಕಾರ. ಅಮೆರಿಕದ ನಿಮ್ಮ ಹಳೆಯ ಮನೆಯಲ್ಲಿ 27 ಇಂಚಿನ ವಿದ್ಯುತ್ ಗೋಡೆ ಓವನ್ (ಅಡುಗೆಮನೆಯ ಕಪಾಟಿನೊಳಗೆ ಕೂರಿಸುವಂಥದ್ದು) ಕೈಕೊಡುತ್ತಿದ್ದು, ಅದೇ ಜಾಗದಲ್ಲಿ 30 ಇಂಚಿನದನ್ನು ಕೂರಿಸಬಹುದೇ ಎಂದು ಕೇಳಿದ್ದೀರಿ. 30 ಇಂಚಿನ ಓವನ್‌ಗೆ ಕಪಾಟಿನಲ್ಲಿ ಸಾಮಾನ್ಯವಾಗಿ ಇಪ್ಪತ್ತೆಂಟೂವರೆ ಇಂಚು ಅಗಲದ ತೆರಪು ಬೇಕಾಗುತ್ತದೆ. 27 ಇಂಚಿನ ಕಪಾಟಿನ ಒಳಗೆ ಅಷ್ಟು ಜಾಗವೇ ಇರುವುದಿಲ್ಲವಾದ್ದರಿಂದ, ಕಪಾಟನ್ನೇ ಬದಲಿಸುವ ಉದ್ದೇಶವಿಲ್ಲದಿದ್ದರೆ 27 ಇಂಚಿನಲ್ಲೇ ಉಳಿಯುವುದು ಜಾಣತನ, ಆಯ್ಕೆಗಳು ಕಡಿಮೆಯಾದರೂ ಸರಿ.

ಅಗಲ ಹೊಂದಿತೆಂದು ನಿಶ್ಚಿಂತರಾಗಬೇಡಿ. ತೆರಪಿನ ಎತ್ತರ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಹಳೆಯ ಓವನ್ನನ್ನು ಹೊರಗೆಳೆದು ಎತ್ತರ, ಅಗಲ, ಆಳಗಳನ್ನು ಅಳೆದು, ಹೊಸದರ ಅಳವಡಿಕೆ ಪತ್ರದೊಂದಿಗೆ ಹೋಲಿಸಿ. ತೆರಪು ದೊಡ್ಡದಾದರೆ ಪಟ್ಟಿ ಹೊಡೆದು ಮುಚ್ಚಬಹುದು, ಚಿಕ್ಕದಾದರೆ ಬಡಗಿಯೇ ಬರಬೇಕು.

ನನಗೆ ಹೆಚ್ಚು ಆತಂಕವಿರುವುದು ವೈರಿಂಗ್ ಬಗ್ಗೆ. ಹಳೆಯ ಮನೆಗಳಲ್ಲಿ ಓವನ್‌ಗೆ 240 ವೋಲ್ಟ್‌ನ 30 ಆಂಪಿಯರ್ ಮಾರ್ಗವಿರುವುದುಂಟು, ಆದರೆ ಹೊಸ ಓವನ್ 40 ಆಂಪಿಯರ್ ಕೇಳಿದರೆ, ತಂತಿಯನ್ನು ದಪ್ಪಗೊಳಿಸದೆ ಬ್ರೇಕರ್ (ವಿದ್ಯುತ್ ಮಿತಿಮೀರಿದರೆ ಮಾರ್ಗ ಕಡಿಯುವ ಸ್ವಿಚ್) ಒಂದನ್ನೇ ಬದಲಿಸುವುದು ಬೆಂಕಿಯನ್ನು ಮನೆಗೆ ಕರೆದಂತೆ. ಕೊಳ್ಳುವ ಮೊದಲೇ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಸೌಲಭ್ಯಗಳಲ್ಲಿ ಫ್ಯಾನ್‌ನಿಂದ ಬಿಸಿಗಾಳಿಯನ್ನು ಒಳಗೆಲ್ಲ ಸುತ್ತಿಸುವ ಕನ್ವೆಕ್ಷನ್‌ಗೆ ಹಣ ಕೊಡಬಹುದು. ನಾನ್‌ಖಟಾಯಿಯಂಥವು ಎರಡು ತಟ್ಟೆಗಳಲ್ಲಿಯೂ ಹೆಚ್ಚುಕಡಿಮೆ ಸಮವಾಗಿ ಬೇಯುತ್ತವೆ. ಸುಮಾರು 900 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಕಾಯಿಸಿ ತಾನೇ ಶುಚಿಗೊಳ್ಳುವ ವ್ಯವಸ್ಥೆಯಿದ್ದರೆ, ಅದನ್ನು ಹಬ್ಬದ ಹಿಂದಿನ ದಿನವಂತೂ ಬಳಸಬೇಡಿ, ಆ ತಾಪಕ್ಕೆ ಓವನ್‌ನೊಳಗಿನ ಫ್ಯೂಸ್ ಹೋಗುವುದುಂಟು.