ಉಳಿದ ನೂಲಿನ ಚಿತ್ರ: ಅಂಟು ಹೊಳೆಯದಂತೆ, ಬಣ್ಣ ಮಂಕಾಗದಂತೆ

ಸ್ವೆಟರ್, ಟೋಪಿ, ಶಾಲುಗಳನ್ನು ಹೆಣೆದು ಉಳಿದ ನೂಲು ಒಂದು ಚೀಲದ ತುಂಬ ಇದೆ, ಅದನ್ನು ಕ್ಯಾನ್ವಾಸಿಗೆ ಅಂಟಿಸಿ ಹೂದಾನಿಯ ಚಿತ್ರ ಮಾಡಹೊರಟರೆ ಅಂಟು ಮೇಲೆದ್ದು ಹೊಳೆಯುತ್ತಿದೆ, ಬಣ್ಣಗಳು ಒಂದರೊಳಗೊಂದು ಕಲಸಿದಂತೆ ಕಾಣುತ್ತಿವೆ, ಬೆರಳುದ್ದದ ಚೂರುಗಳನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ ಎಂದು ನಮ್ಮ ಗುಂಪಿನಲ್ಲಿ ಕೇಳಿದ್ದೀರಿ. ನಿಮ್ಮ ಫೋಟೊ ನೋಡಿದೆ. ರೇಖೆ ಚೆನ್ನಾಗಿಯೇ ಬಂದಿದೆ. ತೊಡಕು ಶುರುವಾಗಿರುವುದು ಅಂಟಿಸುವುದಕ್ಕೂ ಮೊದಲಿನ ಹಂತದಲ್ಲಿ, ನೂಲನ್ನು ಆರಿಸಿಕೊಂಡ ರೀತಿಯಲ್ಲಿ.

ಚೀಲವನ್ನು ನೆಲಕ್ಕೆ ಸುರಿದು ವಿಂಗಡಿಸಿ. ಹೆಚ್ಚಿನವರು ಬಣ್ಣಬಣ್ಣವಾಗಿ ರಾಶಿ ಹಾಕುತ್ತಾರೆ. ನೋಡಲು ಚೆಂದ, ಆದರೆ ಕೆಲಸಕ್ಕೆ ಬರುವುದಿಲ್ಲ. ಮೊದಲು ದಪ್ಪದ ಪ್ರಕಾರ, ಆಮೇಲೆ ಉದ್ದದ ಪ್ರಕಾರ ಬೇರ್ಪಡಿಸಿ. ಅಕ್ಕಪಕ್ಕದ ಎಳೆಗಳ ದಪ್ಪ ಬೇರೆಬೇರೆಯಾದರೆ ಮೇಲ್ಮೈ ಏರುಪೇರಾಗುತ್ತದೆ, ಆ ತಗ್ಗುಗಳಲ್ಲಿಯೇ ಅಂಟು ನಿಲ್ಲುತ್ತದೆ. ಬೇಕಾದ ಬಣ್ಣ ದಪ್ಪ ನೂಲಿನಲ್ಲಿ ಮಾತ್ರ ಇದ್ದರೆ ಅದರ ಹುರಿ ಬಿಚ್ಚಿ. ನಾಲ್ಕು ಎಳೆಯ ನೂಲು ಎರಡೆರಡು ಎಳೆಯಾಗಿ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಅಳತೆಗಿಂತ ಉದ್ದವಾದದ್ದನ್ನು ಬಿಡಿಸಹೋದರೆ ಸಿಕ್ಕಾಗುತ್ತದೆ, ಆದ್ದರಿಂದ ಒಂದು ಮೊಳಕ್ಕೆ ಕತ್ತರಿಸಿಕೊಂಡೇ ಬಿಡಿಸಿ. ಹಳೆಯ ಸ್ವೆಟರ್ ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿದ್ದರೆ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ನೇತುಹಾಕಿ. ಒಣಗಿದಾಗ ನೆಟ್ಟಗಾಗಿರುತ್ತದೆ.

ಯಾವುದು ಉಣ್ಣೆ, ಯಾವುದು ಅಕ್ರಿಲಿಕ್ ಎಂದು ಮರೆತುಹೋಗಿದ್ದರೆ ಒಂದು ಚೂರನ್ನು ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ, ಬೆಂಕಿಗೆ ತೋರಿಸಿ. ಕೂದಲು ಸುಟ್ಟ ವಾಸನೆ ಬಂದು, ಬೆಂಕಿಯಿಂದ ತೆಗೆದೊಡನೆ ಆರಿ, ಬೆರಳಿನಲ್ಲಿ ಪುಡಿಯಾಗುವ ಕರಿ ಉಳಿದರೆ ಉಣ್ಣೆ. ಕಾಗದ ಸುಟ್ಟ ವಾಸನೆ, ಹಗುರವಾದ ಬೂದಿ ಎಂದರೆ ಹತ್ತಿ. ಕರಗಿ ಗಂಟುಕಟ್ಟಿ, ತಣ್ಣಗಾದ ಮೇಲೆ ಉಗುರಿಗೂ ಜಗ್ಗದಷ್ಟು ಗಟ್ಟಿಯಾದರೆ ಅಕ್ರಿಲಿಕ್ ಅಥವಾ ಅಂಥದೇ ಕೃತಕ ನೂಲು. ಕರಗಿದ ಹನಿ ಕೈಗೆ ಬೀಳದಂತೆ ನೋಡಿಕೊಳ್ಳಿ. ಅಂಟಿಸುವ ಚಿತ್ರಕ್ಕೆ ಮೂರೂ ನಡೆಯುತ್ತವೆ. ಬಿಸಿನೀರು, ಸೋಪು ಹಾಕಿ ತಿಕ್ಕಿ ನಮದೆಯಂತೆ (ಎಳೆಗಳು ಕೂಡಿಕೊಂಡು ಆದ ದಪ್ಪ ಉಣ್ಣೆ ಬಟ್ಟೆಯಂತೆ) ಗಟ್ಟಿ ಮಾಡುವ ಕೆಲಸಕ್ಕಾದರೆ ಉಣ್ಣೆ ಮಾತ್ರ. ಅದರಲ್ಲೂ ಯಂತ್ರದಲ್ಲಿ ಒಗೆಯಬಹುದೆಂದು ಸಂಸ್ಕರಿಸಿದ ಉಣ್ಣೆ ಎಷ್ಟು ತಿಕ್ಕಿದರೂ ಕೂಡಿಕೊಳ್ಳುವುದಿಲ್ಲ.

ಈಗ ಅಂಟಿನ ವಿಷಯ. ಕ್ಯಾನ್ವಾಸ್ ಬಿಡಿ. ಒತ್ತಿದಾಗ ಅದು ಜಗ್ಗುತ್ತದೆ, ಎಳೆ ಕೂರುವುದಿಲ್ಲ, ನಾವು ಇನ್ನಷ್ಟು ಅಂಟು ಸುರಿಯುತ್ತೇವೆ. ಪ್ಲೈವುಡ್ ತುಂಡು ಅಥವಾ ಗಟ್ಟಿ ರಟ್ಟು ತೆಗೆದುಕೊಳ್ಳಿ. ಮರಗೆಲಸದ ಬಿಳಿ ಅಂಟನ್ನು ಬ್ರಷ್ಷಿನಿಂದ ಎರಡು ಬೆರಳಗಲದಷ್ಟು ಜಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿ, ಒಂದೆರಡು ನಿಮಿಷ ಕಾಯಿರಿ. ಬೆರಳಿಗೆ ಅಂಟುವಷ್ಟಿರಬೇಕು, ಜಾರುವಷ್ಟಿರಬಾರದು. ನೀವು ಒದ್ದೆ ಅಂಟಿನ ಮೇಲೆಯೇ ನೂಲು ಒತ್ತಿದ್ದರಿಂದ ಅದು ಎಳೆಯೊಳಗೆ ಇಂಗಿ ಮೇಲಕ್ಕೆ ಬಂದು, ಒಣಗಿ ಹೊಳೆಯುತ್ತಿದೆ. ಬಿಸಿ ಅಂಟಿನ ಗನ್ ಇದಕ್ಕೆ ಬೇಡವೇ ಬೇಡ. ಅಡಿಯಲ್ಲಿ ಉಬ್ಬು ನಿಲ್ಲುತ್ತದೆ, ಜೇಡರ ಬಲೆಯಂಥ ಎಳೆಗಳನ್ನು ಕೀಳುವುದರಲ್ಲಿಯೇ ದಿನ ಕಳೆಯುತ್ತದೆ.

ಆಕೃತಿಯ ಹೊರಗೆರೆಯನ್ನು ಮೊದಲು ಕೂರಿಸಿ, ನಂತರ ಅದೇ ಗೆರೆಯನ್ನು ಅನುಸರಿಸಿ ಒಳಕ್ಕೆ ಸುತ್ತುತ್ತಾ ಹೋಗಿ. ಪ್ರತಿ ಎಳೆಯೂ ಪಕ್ಕದ ಎಳೆಗೆ ತಾಗಿರಬೇಕು. ಬೆರಳಿನಿಂದ ಒತ್ತಿದರೆ ನೂಲು ಬೆರಳಿಗೇ ಮೆತ್ತಿ ಎದ್ದು ಬರುತ್ತದೆ, ಆದ್ದರಿಂದ ಹೆಣಿಗೆ ಕಡ್ಡಿಯ ತುದಿ ಬಳಸಿ. ಮೂಲೆ ಬಂದಾಗ ಕತ್ತರಿಸಬೇಡಿ, ಕಡ್ಡಿಯ ತುದಿಯಲ್ಲಿ ಅದುಮಿ ಮಡಿಸಿ. ಎಳೆ ಸಾಗುವ ದಿಕ್ಕು ಇಲ್ಲಿ ಬಹಳ ಮುಖ್ಯ. ಒಂದೇ ಹಸಿರು ನೂಲನ್ನು ಎಲೆಯ ಅರ್ಧಕ್ಕೆ ಉದ್ದುದ್ದವಾಗಿ, ಇನ್ನರ್ಧಕ್ಕೆ ಓರೆಯಾಗಿ ಹಾಕಿ ನೋಡಿ. ಬೆಳಕು ಬೇರೆಬೇರೆಯಾಗಿ ಬಿದ್ದು ಎರಡು ಹಸಿರುಗಳಂತೆ ಕಾಣುತ್ತವೆ. ಬಣ್ಣದ ಕೊರತೆ ಇರುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಲಾಭವಿಲ್ಲ.

ಈ ಕೆಲಸವನ್ನು ಕಲೆಯಾಗಿ ಬೆಳೆಸಿದವರು ಪಶ್ಚಿಮ ಮೆಕ್ಸಿಕೋದ ವಿಶಾರಿಕ ಜನ. ಹೊರಗಿನವರು ಇವರನ್ನು ಉಯಿಚೋಲ್ ಎನ್ನುತ್ತಾರೆ. ಅವರ ನೂಲುಚಿತ್ರಗಳಲ್ಲಿ ಹಲಗೆಗೆ ಹಚ್ಚುವುದು ಅಂಟಲ್ಲ, ಜೇನುಮೇಣ. ಹಲವರು ಅದಕ್ಕೆ ಪೈನ್ ಮರದ ರಾಳ ಬೆರೆಸುತ್ತಾರೆ. ಮೇಣದಲ್ಲಿ ಒಂದು ಅನುಕೂಲವಿದೆ: ತಪ್ಪಿದ ಎಳೆಯನ್ನು ಕಿತ್ತು ಮತ್ತೆ ಕೂರಿಸಬಹುದು. ಜೇನುಮೇಣ ಸಿಗುವುದಾದರೆ ಚಿಕ್ಕ ಹಲಗೆಯ ಮೇಲೆ ಪ್ರಯತ್ನಿಸಿ. ಅದು ಕರಗುವುದು ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್ ನಡುವೆ, ಆದರೆ ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಅಂಥ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ.

ಬಣ್ಣ ಕಲಸಿದಂತೆ ಕಾಣಲು ಕಾರಣ ಬಣ್ಣಗಳು ಹೆಚ್ಚಾದದ್ದಲ್ಲ, ಎಲ್ಲವೂ ಒಂದೇ ಮಟ್ಟದ ಗಾಢತೆ ಹೊಂದಿರುವುದು. ನಿಮ್ಮ ಹೂವಿನ ಕೆಂಪು, ಎಲೆಯ ಹಸಿರು, ಹಿಂದಿನ ನೀಲಿ ಮೂರೂ ನಡುಮಟ್ಟದವು. ಆರಿಸಿದ ನೂಲುಗಳನ್ನು ಪಕ್ಕಪಕ್ಕದಲ್ಲಿಟ್ಟು ಮೊಬೈಲ್‌ನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಎಲ್ಲವೂ ಒಂದೇ ಬೂದು ಬಣ್ಣವಾಗಿ ಕಂಡರೆ ಚಿತ್ರದಲ್ಲಿಯೂ ಹಾಗೆಯೇ ಆಗುತ್ತದೆ. ಒಂದು ತೀರ ತಿಳಿ, ಒಂದು ತೀರ ಗಾಢ ಬಣ್ಣ ಇರಲೇಬೇಕು. ಇನ್ನೊಂದು, ಕೆಂಪು ಮತ್ತು ಹಸಿರನ್ನು ಒಂದೊಂದೇ ಎಳೆಯಾಗಿ ಬದಲಾಯಿಸುತ್ತಾ ಹಾಕಿದರೆ ದೂರದಿಂದ ಕಣ್ಣು ಎರಡನ್ನೂ ಬೆರೆಸಿ ಮಣ್ಣುಬಣ್ಣವಾಗಿ ನೋಡುತ್ತದೆ. ನಿಮ್ಮ ಹೂದಾನಿಯ ಅಂಚಿನಲ್ಲಿ ಆಗಿರುವುದು ಅದೇ.

ಹಿನ್ನೆಲೆಯನ್ನು ನೂಲಿನಿಂದ ತುಂಬಲು ಹೋಗಬೇಡಿ ಎಂದು ನನ್ನ ಬಲವಾದ ಸಲಹೆ. ಲೆಕ್ಕ ಹಾಕಿ ನೋಡಿ: ಎ4 ಹಾಳೆಯಷ್ಟು ಜಾಗವನ್ನು 2 ಮಿಲಿಮೀಟರ್ ದಪ್ಪದ ನೂಲಿನಿಂದ ಮುಚ್ಚಲು ಸುಮಾರು 31 ಮೀಟರ್ ಬೇಕು. ಚೂರುಪಾರು ಸೇರಿಸಿ ಒಂದೇ ಬಣ್ಣದಲ್ಲಿ ಅಷ್ಟು ಹೊಂದಿಸುವುದು ಕಷ್ಟ. ಅರ್ಧಕ್ಕೆ ಮುಗಿದು ಬೇರೆ ನೀಲಿ ತಂದು ಸೇರಿಸಿದರೆ ಎದ್ದು ಕಾಣುತ್ತದೆ. ಹಲಗೆಗೆ ಮೊದಲೇ ಒಂದು ಬಟ್ಟೆ ಬಿಗಿದು, ಆಕೃತಿಗಳನ್ನು ಮಾತ್ರ ನೂಲಿನಲ್ಲಿ ಮಾಡಿ. ಚೀಲದಲ್ಲಿರುವುದೆಲ್ಲ ಒಂದೇ ಚಿತ್ರದಲ್ಲಿ ಮುಗಿಯಬೇಕೆಂಬ ಹಟವೂ ಬೇಡ. ಚೀಲ ಖಾಲಿ ಮಾಡುವ ಆತುರದಲ್ಲಿ ಹಾಳಾದ ಚಿತ್ರಗಳು ಈ ಗುಂಪಿನಲ್ಲಿಯೇ ಸಾಕಷ್ಟಿವೆ, ಹೆಸರು ಹೇಳುವುದಿಲ್ಲ.

ಒಂದು ಮೊಳಕ್ಕಿಂತ ಉದ್ದವಿರುವ ತುಂಡುಗಳನ್ನು ಅಂಟಿಸುವುದಕ್ಕಿಂತ ನೇಯುವುದು ಮೇಲು. ದಪ್ಪ ರಟ್ಟಿನ ಎರಡೂ ತುದಿಗೆ ಅರ್ಧ ಸೆಂಟಿಮೀಟರಿಗೊಂದು ಕಚ್ಚು ಹಾಕಿದರೆ ಮಗ್ಗ ಸಿದ್ಧ. ಹಾಸಿಗೆ, ಅಂದರೆ ಕಚ್ಚುಗಳ ನಡುವೆ ಉದ್ದಕ್ಕೆ ಬಿಗಿಯುವ ಎಳೆಗಳಿಗೆ, ಹಿಗ್ಗದ ಹತ್ತಿ ದಾರವನ್ನೇ ಬಳಸಿ. ಹೊಕ್ಕಿಗೆ, ಅಂದರೆ ಅಡ್ಡಲಾಗಿ ನೇಯುವ ಎಳೆಗೆ, ಏನಾದರೂ ಆದೀತು. ಹೊಕ್ಕನ್ನು ನೆಟ್ಟಗೆ ಎಳೆಯದೆ ಕಮಾನಿನಂತೆ ಸಡಿಲವಾಗಿಟ್ಟು ಬಾಚಣಿಗೆಯಿಂದ ಕೆಳಕ್ಕೆ ಒತ್ತಿ, ಇಲ್ಲವಾದರೆ ಅಂಚುಗಳು ಒಳಕ್ಕೆ ಎಳೆದುಕೊಂಡು ನಡು ಸಣ್ಣಗಾಗುತ್ತದೆ.

ಬೆರಳುದ್ದದ ಚೂರುಗಳಿಗೆ ಈ ನೇಯ್ಗೆಯಲ್ಲಿಯೇ ಜಾಗವಿದೆ. ಪ್ರತಿ ಚೂರನ್ನೂ ಪಕ್ಕಪಕ್ಕದ ಎರಡು ಹಾಸಿನ ಎಳೆಗಳ ಮೇಲೆ ಅಡ್ಡಲಾಗಿಟ್ಟು, ಎರಡು ತುದಿಗಳನ್ನೂ ಹಿಂದಕ್ಕೆ ತೂರಿಸಿ, ನಡುವಿನಿಂದ ಮುಂದಕ್ಕೆ ತಂದು ಎಳೆದರೆ ಗಂಟು ನಿಲ್ಲುತ್ತದೆ, ಕುಚ್ಚು ಇಳಿಬೀಳುತ್ತದೆ. ಒಂದು ಸಾಲು ಗಂಟು, ಎರಡು ಸಾಲು ಮಾಮೂಲಿ ನೇಯ್ಗೆ ಎಂದು ಸಾಗಿದರೆ ದಟ್ಟವಾದ ಜೂಲು ಬರುತ್ತದೆ. ಇದಕ್ಕೂ ಸಾಲದಷ್ಟು ಚಿಕ್ಕವನ್ನು ಕತ್ತರಿಯಿಂದ ಸಣ್ಣಗೆ ಹೆಚ್ಚಿ, ಬಣ್ಣದ ಪ್ರಕಾರ ಡಬ್ಬಿಗಳಲ್ಲಿಟ್ಟುಕೊಳ್ಳಿ (ಬಣ್ಣದ ವಿಂಗಡಣೆ ಇಲ್ಲಿ ಮಾತ್ರ ಉಪಯುಕ್ತ). ಚಿತ್ರದಲ್ಲಿ ಮರದ ಸೊಪ್ಪು, ಪಾಚಿ, ಕುರಿಯ ಮೈ ಬರುವ ಕಡೆ ಅಂಟು ಹಚ್ಚಿ ಈ ಪುಡಿಯನ್ನು ಉದುರಿಸಿ ಒತ್ತಿ, ಒಣಗಿದ ಮೇಲೆ ಮಿಕ್ಕದ್ದನ್ನು ಕೊಡವಿ.

ಉಣ್ಣೆಯ ರಾಶಿಯಲ್ಲಿ ಬಟ್ಟೆ ತಿನ್ನುವ ನುಸಿಯ ಸುಳಿವಿದ್ದರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟ ನಂತರವೇ ಚಿತ್ರಕ್ಕೆ ಬಳಸಿ. ಗಾಜು ಹಾಕಿಸುವುದಾದರೆ ಗಾಜು ನೂಲಿಗೆ ತಾಗದಂತೆ ಒಳಗೆ ಪಟ್ಟಿ ಕೊಡಲು ಚೌಕಟ್ಟಿನವರಿಗೆ ಹೇಳಿ, ಇಲ್ಲವಾದರೆ ಎಳೆಗಳೆಲ್ಲ ಚಪ್ಪಟೆಯಾಗುತ್ತವೆ.

ಉಳಿದ ಚೂರುಗಳನ್ನು ಗಿಡಕ್ಕೆ ನೇತುಹಾಕಿ, ಹಕ್ಕಿಗಳು ಗೂಡಿಗೆ ಒಯ್ಯುತ್ತವೆ ಎಂದು ಗುಂಪಿನಲ್ಲಿ ಒಬ್ಬರು ನಿಮಗೆ ಉತ್ತರ ಬರೆದಿದ್ದಾರೆ. ಅದನ್ನು ಮಾತ್ರ ಮಾಡಬೇಡಿ. ನೂಲು ಮರಿಗಳ ಕಾಲಿಗೆ, ಕುತ್ತಿಗೆಗೆ ಸುತ್ತಿಕೊಂಡು ಬಿಗಿಯುತ್ತದೆ, ಅಕ್ರಿಲಿಕ್ ಕೊಳೆಯುವುದೂ ಇಲ್ಲ. ಆ ಚೂರುಗಳು ಬೇರೆ ಯಾವುದಕ್ಕೂ ಬೇಡವೆಂದಾದರೆ ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೆ ತುಂಬಿಬಿಡಿ.