ಸುಗ್ಗಿಗೆ ರಜೆ ಸಿಗುವುದಿಲ್ಲ

ನಿಮ್ಮ ಪ್ರಶ್ನೆ ಓದಿದೆ. ಹೊರಗಿನ ಧರ್ಮಗಳ ಪ್ರಭಾವದಿಂದ ಉತ್ತರ ಕನ್ನಡದ ಮೂಲ ಜನರ ಆಚರಣೆಗಳು ಅಳಿಯುತ್ತಿವೆಯಾ ಅಂತ ಕೇಳಿದ್ದೀರಿ. ಘಟ್ಟದ ಆಚೆಯಿಂದ ಬರುವವರು ಹೆಚ್ಚಾಗಿ ಕೇಳುವುದು ಇದನ್ನೇ. ನಾನು ಅಂಕೋಲೆಯವನು. ಹಾಲಕ್ಕಿ ಅಲ್ಲ, ಆದರೆ ಇಲ್ಲಿ ಗದ್ದೆ ಮಾಡಿಕೊಂಡು ಬಂದ ಹಾಲಕ್ಕಿ ಒಕ್ಕಲಿಗರ ಕೊಪ್ಪದ (ಅವರ ಕೇರಿಯ) ಪಕ್ಕದಲ್ಲೇ ಬೆಳೆದವನು. ನಾನು ಕಂಡ ಮಟ್ಟಿಗೆ ಧರ್ಮದ ಜೊತೆ ಇಲ್ಲಿನವರು ಹೇಗೋ ಹೊಂದಿಕೊಂಡಿದ್ದಾರೆ. ಹೊಂದಿಕೊಳ್ಳಲು ಆಗದೆ ಸೋತಿರುವುದು ಸಂಬಳದ ಕೆಲಸಕ್ಕೆ ಮತ್ತು ಜಮೀನು ಹೋದದ್ದಕ್ಕೆ.

ಧರ್ಮದ ವಿಷಯ ಮೊದಲು ಹೇಳಿಬಿಡುತ್ತೇನೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಆದರೂ ಹಿರಿಯರ ಪೂಜೆ ಮೂರೂ ಧರ್ಮದವರಲ್ಲಿ ಉಳಿದಿದೆ. ಸತ್ತ ಹಿರಿಯರನ್ನು ನೆನೆಯದೆ ಮನೆಯಲ್ಲಿ ಒಳ್ಳೆಯ ಕೆಲಸ ಶುರುವಾಗುವುದು ಕಷ್ಟ. ಶಿರಸಿಯ ಮಾರಿಕಾಂಬೆಯನ್ನೇ ನೋಡಿ. ಅಲ್ಲಿ ಕೋಣನ ಬಲಿ ನಿಂತದ್ದು ಗಾಂಧೀಜಿ 1934ರಲ್ಲಿ ಶಿರಸಿಗೆ ಬಂದು ಹೋದ ಕಾಲದಲ್ಲಿ. ಬಲಿ ಹೋಯಿತು, ಜಾತ್ರೆ ಹೋಗಲಿಲ್ಲ. ಎರಡು ವರ್ಷಕ್ಕೊಮ್ಮೆ ಇಂದಿಗೂ ನಡೆಯುತ್ತದೆ. ಅಸಾದಿಗಳು ಮತ್ತು ಜಾತ್ರೆಯ ಸೇವೆ ತಲೆತಲಾಂತರದಿಂದ ಮಾಡುವ ಬೇರೆ ಬಾಬುದಾರ ಮನೆತನದವರು ತಮ್ಮ ತಮ್ಮ ಕೆಲಸ ಬಿಟ್ಟುಕೊಟ್ಟಿಲ್ಲ. ಬದಲಾವಣೆ ಅಂದ ಕೂಡಲೇ ನಾಶ ಅಂತ ನಾನು ತಿಳಿಯದಿರುವುದು ಇದಕ್ಕೇ.

ಈಗ ಸುಗ್ಗಿಗೆ ಬರುತ್ತೇನೆ. ಹಾಲಕ್ಕಿಗಳ ಸುಗ್ಗಿ ಹೋಳಿ ಹುಣ್ಣಿಮೆಯ ಹೊತ್ತಿನದು. ಕೊಯ್ಲು ಮುಗಿದು, ಭತ್ತ ಮನೆ ಸೇರಿ, ಕೈ ಬಿಡುವಾದ ಕಾಲ. ಬೆಂಡು ಮತ್ತು ಬಣ್ಣದ ಕಾಗದದ ದೊಡ್ಡ ತುರಾಯಿಯನ್ನು ತಲೆಗೆ ಕಟ್ಟಿಕೊಂಡು, ಕೈಯಲ್ಲಿ ಕುಂಚ ಹಿಡಿದು, ಗುಮಟೆ ಜಾಗಟೆಯ ಸದ್ದಿಗೆ ಗಂಡಸರು ಮನೆಮನೆಯ ಅಂಗಳದಲ್ಲಿ ಕುಣಿಯುತ್ತಾರೆ. ಮನೆಯವರು ಅಕ್ಕಿ, ಕಾಯಿ, ದುಡ್ಡು ಕೊಡುತ್ತಾರೆ. ಕೊಪ್ಪದ ಯಜಮಾನರಾದ ಗೌಡರ ಮಾತಿಲ್ಲದೆ ತಂಡ ಹೊರಡುವುದಿಲ್ಲ. ಜೊತೆಗೆ ಹಗರಣದ, ಅಂದರೆ ಅಣಕಿನ ಆಟದ, ವೇಷಗಳು. ನಗಿಸುತ್ತಲೇ ಊರಿನ ದೊಡ್ಡವರಿಗೂ ನಾಲ್ಕು ಮಾತು ಹೇಳಿಬಿಡುತ್ತಾರೆ.

ಇದೆಲ್ಲ ಗದ್ದೆಯ ಲೆಕ್ಕಕ್ಕೆ ಸರಿಯಾಗಿ ಕೂತಿತ್ತು. ಈಗಿನ ಹುಡುಗರು ಗೋವಾದ ಹೋಟೆಲುಗಳಲ್ಲಿದ್ದಾರೆ, ಮಂಗಳೂರಿನಲ್ಲಿದ್ದಾರೆ, ಕಟ್ಟಡದ ಕೆಲಸದಲ್ಲಿದ್ದಾರೆ. ಹೋಳಿಗೆ ಒಂದು ದಿನ ರಜೆ ಸಿಕ್ಕರೆ ಅದೇ ಪುಣ್ಯ. ಹಾಗಾಗಿ ತಿರುಗಾಟದ ದಿನಗಳು ಕಡಿಮೆಯಾಗುತ್ತಿವೆ. ದೂರದ ಮನೆಗಳು ಬಿಟ್ಟುಹೋಗುತ್ತವೆ. ನಿಮಗಿದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಅಂಗಳಕ್ಕೆ ಸುಗ್ಗಿ ಬರಲಿಲ್ಲ ಅಂದರೆ ಆ ಮನೆಯವರಿಗೆ ವರ್ಷವಿಡೀ ಒಂದು ಕೊರಗು. ಇನ್ನೊಂದು ನಷ್ಟ ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಚಿಕ್ಕವರು ಹಾಡು ಕಲಿಯುತ್ತಿದ್ದದ್ದು ಈ ತಿರುಗಾಟದಲ್ಲೇ. ಹಿರಿಯರ ಹಿಂದೆ ನಡೆಯುತ್ತಾ, ದನಿಗೆ ದನಿ ಕೂಡಿಸುತ್ತಾ ಕಲಿಯುತ್ತಿದ್ದರು. ನಡೆಯುವ ದಿನ ಕಡಿಮೆಯಾದರೆ ಹಾಡು ಗೊತ್ತಿರುವವರೂ ಕಡಿಮೆಯಾಗುತ್ತಾರೆ, ಅಲ್ವಾ?

ಜಮೀನಿನ ಕಥೆ ಇನ್ನೂ ಗಟ್ಟಿಯಾದ ಪೆಟ್ಟು. ಸೂಪಾ ಅಣೆಕಟ್ಟು ಕಟ್ಟಿದಾಗ ಹಳೆಯ ಸೂಪಾ ಪೇಟೆಯೇ ಮುಳುಗಿತು. ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ನೆಲೆ ಶುರುವಾಯಿತು. ಅರ್ಗಾದಂಥ ಊರುಗಳ ಜನ ತೋಡೂರು, ಮುದಗೇರಿ ಕಡೆಯ ಕಾಲೊನಿಗಳಿಗೆ ಬಂದರು. ಮನೆಗೆ ಪರಿಹಾರ ಕೊಡಬಹುದು. ಮರದ ಬುಡದ ಜಟಕನಿಗೆ, ಮಾಸ್ತಿಗೆ, ಗಡಿ ಕಾಯುವ ದೇವರಿಗೆ ಯಾವ ಪರಿಹಾರ? ಆ ದೇವರು ಇರುವುದೇ ಆ ಜಾಗದಲ್ಲಿ. ನೌಕಾನೆಲೆಯ ಬೇಲಿ ಒಂದು ಧರ್ಮದವರಿಗೆ ಮಾತ್ರ ಬಿದ್ದದ್ದೂ ಅಲ್ಲ. ಅಂಜುದೀವ ದ್ವೀಪದ ಹಳೆಯ ಇಗರ್ಜಿಯ ಹಬ್ಬಕ್ಕೆ ದೋಣಿಯಲ್ಲಿ ಹೋಗುತ್ತಿದ್ದ ಕ್ರೈಸ್ತರಿಗೂ ದಾರಿ ಮುಚ್ಚಿತು.

ಗುಮಟೆಯೂ ಬದಲಾಗಿದೆ. ಮಣ್ಣಿನ ಗಡಿಗೆಯ ಬಾಯಿಗೆ ಮೊದಲು ಉಡದ ಚರ್ಮ ಕಟ್ಟುತ್ತಿದ್ದರು. ವನ್ಯಜೀವಿ ಕಾಯಿದೆ ಬಂದ ಮೇಲೆ ಅದು ಅಪರಾಧ, ಆಗಬೇಕಾದದ್ದೇ. ಈಗ ಆಡಿನ ಚರ್ಮ ಕಟ್ಟುತ್ತಾರೆ. ಗಡಿಯಾಚೆ ಗೋವಾದಲ್ಲಿ ಇದೇ ವಾದ್ಯವನ್ನು 2019ರಲ್ಲಿ ರಾಜ್ಯದ ಪಾರಂಪರಿಕ ವಾದ್ಯ ಅಂತ ಘೋಷಿಸಿದರು. ನಮ್ಮ ಕಡೆಯೂ ಅಂಥದ್ದೊಂದು ಮಾನ ಸಿಗಲಿ ಅಂತ ನನಗೆ ತುಂಬಾ ಆಸೆ.

ವೇದಿಕೆಯ ಬಗ್ಗೆ ನನ್ನ ಮನಸ್ಸು ಎರಡಾಗುತ್ತದೆ. ನಮ್ಮ ತಾಲೂಕಿನ ಬಡಿಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಇಡೀ ತಾಲೂಕೇ ಹಿಗ್ಗಿತು. ಸುಕ್ರಜ್ಜಿ ಹಾಡುವುದರ ಜೊತೆಗೆ ಹಳ್ಳಿಗಳಲ್ಲಿ ಸಾರಾಯಿ ವಿರುದ್ಧ ಹೋರಾಡಿದವರು. ಅವರಿಂದಾಗಿ ಹಾಲಕ್ಕಿ ಹೆಣ್ಣುಮಕ್ಕಳು ತಮ್ಮ ಹಾಡನ್ನು ನಾಚಿಕೆಯಿಲ್ಲದೆ ಹಾಡುವಂತಾಯಿತು. ಇದು ಒಳ್ಳೆಯದು. ಅದೇ ವೇದಿಕೆಯಲ್ಲಿ ಸುಗ್ಗಿಗೆ ಹತ್ತು ನಿಮಿಷ ಕೊಟ್ಟು, ಮುಗಿಸಿ ಅಂತ ಸೀಟಿ ಊದಿದಾಗ ಹೊಟ್ಟೆ ಉರಿಯುತ್ತದೆ. ಸಿದ್ದಿಗಳ ಡಮಾಮಿ ಕುಣಿತ ಪ್ರವಾಸಿಗರ ಊಟದ ಹೊತ್ತಿನ ಮನರಂಜನೆ ಆಗುವುದೂ ಹಾಗೆಯೇ. ಕುಣಿಯುವವರಿಗೆ ದುಡ್ಡು ಬೇಕು, ಅದನ್ನು ತಪ್ಪು ಅನ್ನಲಾರೆ. ಆದರೆ ಎಷ್ಟು ಹೊತ್ತು, ಯಾವ ಹಾಡು ಅನ್ನುವುದನ್ನು ಅವರೇ ಹೇಳುವಂತಿರಬೇಕು.

ಸರ್ಕಾರದ ಪಟ್ಟಿಯದು ಇನ್ನೊಂದು ಒತ್ತಡ. ಇಲ್ಲಿನ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಹಾಲಕ್ಕಿಗಳು ಎಷ್ಟೋ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಪಟ್ಟಿಗೆ ಸೇರಲು ನೋಡುವುದು 1965ರ ಲೋಕೂರ್ ಸಮಿತಿಯ ಅಳತೆಗಳನ್ನು: ಆದಿಮ ಲಕ್ಷಣ, ಬೇರೆಯಾದ ಸಂಸ್ಕೃತಿ, ದೂರದ ವಾಸ, ಹೊರಗಿನವರ ಜೊತೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಹೆದ್ದಾರಿ ಪಕ್ಕದಲ್ಲಿ ತರಕಾರಿ ಮಾರುವ ಹಾಲಕ್ಕಿ ಹೆಂಗಸು ಸಂಕೋಚವನ್ನು ಎಲ್ಲಿಂದ ತಂದು ತೋರಿಸಬೇಕು? ಕುತ್ತಿಗೆಯ ಕರಿಮಣಿ ಸರ, ತುರಾಯಿ, ಹಾಡು ಎಲ್ಲವೂ ಪುರಾವೆಗಳಾಗುತ್ತಿವೆ. ಸುಮ್ನೆ ಬದುಕುವುದಕ್ಕೂ ಸಾಕ್ಷಿ ಕೇಳಿದ ಹಾಗೆ.

ನೀವು ಬರುವುದಾದರೆ ಫಾಲ್ಗುಣದಲ್ಲಿ ಬನ್ನಿ, ಹೋಳಿ ಹುಣ್ಣಿಮೆಗೆ ಎರಡು ದಿನ ಮುಂಚೆ. ರೆಸಾರ್ಟಿನಲ್ಲಿ ಕುಣಿತ ಏರ್ಪಡಿಸಲು ಹೇಳಬೇಡಿ. ಯಾವುದಾದರೂ ಮನೆಯ ಅಂಗಳದಲ್ಲಿ ನಿಲ್ಲಿ, ಫೋಟೋಗೆ ಮೊದಲು ಕೊಪ್ಪದ ಗೌಡರನ್ನು ಕೇಳಿ, ಕೊಡುವ ದುಡ್ಡನ್ನು ಮನೆಯವರ ಅಕ್ಕಿ ಕಾಯಿಯ ಜೊತೆಗೇ ಇಡಿ. ನಿಮ್ಮ ಕಚೇರಿಯಲ್ಲೋ ಹೋಟೆಲಿನಲ್ಲೋ ಅಂಕೋಲೆ, ಕುಮಟೆಯ ಹಾಲಕ್ಕಿ ಹುಡುಗರು ಕೆಲಸಕ್ಕಿದ್ದರೆ, ಆ ವಾರ ಅವರಿಗೆ ರಜೆ ಕೊಡಿಸಿ.