ಗಿಫ್ಟೆಡ್ ಅರ್ಜಿಗೆ ಮಗಳ ಯಾವ ಕೆಲಸ ಕಳಿಸಲಿ? ಮೊದಲು ರಬ್ಬರ್ ಬಚ್ಚಿಡಿ

ಅಮೆರಿಕದ ಶಾಲೆಗಳಲ್ಲಿ ಚುರುಕು ಮಕ್ಕಳಿಗೆಂದೇ ಇರುವ ಗಿಫ್ಟೆಡ್ ಕಾರ್ಯಕ್ರಮದ ಅರ್ಜಿಗೆ ಮಗಳ ಯಾವ ಕೆಲಸ ಕಳಿಸಲಿ ಎಂದು ನೀವು ಕೇಳಿ ಬರೆದಿದ್ದೀರಿ. ಎರಡನೇ ತರಗತಿಯ ಮಗಳು, ವರ್ಜೀನಿಯಾ, ಅಬಾಕಸ್ ಪ್ರಮಾಣಪತ್ರ, ಸೌರಮಂಡಲದ ಪೋಸ್ಟರ್, ಕೊನೆಗೆ ‘ಇದಕ್ಕೆಂದೇ ಹೊಸ ಪ್ರಾಜೆಕ್ಟ್ ಒಂದನ್ನು ಮಾಡಿಸಲೇ?’ ಎಂಬ ಮಾತು. ಓದುತ್ತಿದ್ದಂತೆ ಐದು ವರ್ಷ ಹಿಂದಿನ ನನ್ನ ಅಡುಗೆಮನೆಯ ಮೇಜು ಕಣ್ಣ ಮುಂದೆ ಬಂತು.

ನನ್ನ ಮಗನಿಗೆ ಆಗ ಏಳು ವರ್ಷ. ಆ ಚಳಿಗಾಲಕ್ಕೆ ದಾವಣಗೆರೆಯಿಂದ ಅಮ್ಮ ಬಂದಿದ್ದರು. ಚಟ್ನಿಪುಡಿಯ ಡಬ್ಬಿಯ ಜೊತೆಗೆ ನಾಲ್ಕು ಕವಡೆಗಳನ್ನೂ ತಂದಿದ್ದರು. ಪಿಜ್ಜಾ ಡಬ್ಬದ ಮುಚ್ಚಳದ ಮೇಲೆ ಚೌಕಾಬಾರದ ಮನೆ ಬರೆದು ಅಜ್ಜಿ ಮೊಮ್ಮಗ ಸಂಜೆಯೆಲ್ಲ ಆಡುತ್ತಿದ್ದರು. ನಾಲ್ಕೂ ಕವಡೆ ಬೋರಲು ಬಿದ್ದರೆ ಎಂಟು. ಅಮ್ಮನಿಗೆ ಎಂಟು ಬೀಳುತ್ತಲೇ ಇತ್ತು. ಇವನು ಸೋಲುತ್ತಲೇ ಇದ್ದ.

ಒಂದು ದಿನ ಸಿಟ್ಟಿನಿಂದ ಎದ್ದು ಹೋದವನು ಗಣಿತದ ಹಾಳೆಯೊಂದರ ಹಿಂಬದಿಯಲ್ಲಿ ಬರೆಯಲು ಕೂತ. ಮೊದಲ ಸಾಲು: ‘ಅಜ್ಜಿ ಮೋಸ ಮಾಡುತ್ತಾರೆ.’ ಅದನ್ನು ಹೊಡೆದು ಹಾಕಿ, ‘ಅಜ್ಜಿಗೆ ಅದೃಷ್ಟ ಇದೆ.’ ಅದನ್ನೂ ಹೊಡೆದು ಹಾಕಿದ. ಆಮೇಲೆ ತಾನೇ ನೂರು ಸಲ ಕವಡೆ ಎಸೆದು ಗೀಟು ಹಾಕಿಕೊಂಡ. ಎಂಟು ಬಿದ್ದದ್ದು 14 ಸಲ. ನಂತರ, ಯಾರೂ ಹೇಳಿಕೊಡದೆ, ನಾಲ್ಕು ನಾಣ್ಯಗಳನ್ನು ತಂದು ಮತ್ತೆ ನೂರು ಸಲ ಎಸೆದ. ನಾಲ್ಕೂ ಹಿಂಬದಿ ಬಿದ್ದದ್ದು 5 ಸಲ. ಕೆಳಗೆ ಅಂಕುಡೊಂಕಾಗಿ, ಎರಡು ಕಾಗುಣಿತ ತಪ್ಪಿನೊಂದಿಗೆ: ‘ಕವಡೆ ನಾಣ್ಯದ ಹಾಗಲ್ಲ. ಅದಕ್ಕೆ ಒಂದು ಕಡೆ ಇಷ್ಟ.’

ಅವನ ಗಿಫ್ಟೆಡ್ ಅರ್ಜಿಗೆ ಈ ಹಾಳೆಯನ್ನೇ ಆರಿಸಿದೆ. ಆಯ್ಕೆಯಲ್ಲಿ ನಾನು ತಪ್ಪಲಿಲ್ಲ, ಅದಕ್ಕೇ ಇದನ್ನು ಇಷ್ಟು ಉದ್ದ ಹೇಳುತ್ತಿದ್ದೇನೆ. ತಪ್ಪಿದ್ದು ಆಮೇಲೆ. ಹಾಳೆ ಕೊಳಕಾಗಿ ಕಂಡಿತು. ‘ಅಜ್ಜಿ ಮೋಸ’ ಎಂದು ಓದಿದರೆ ಆಯ್ಕೆ ಸಮಿತಿಯವರು ನಮ್ಮ ಮನೆಯ ಬಗ್ಗೆ ಏನೆಂದುಕೊಂಡಾರು ಎಂಬ ಭಯ ಬೇರೆ. ರಬ್ಬರ್ ತೆಗೆದುಕೊಂಡೆ. ಉಜ್ಜಿ ಉಜ್ಜಿ ಹಾಳೆ ಹರಿಯುವಂತಾದಾಗ ಬಿಳಿ ಹಾಳೆ ಕೊಟ್ಟು, ಸ್ಕೇಲ್ ಇಟ್ಟು ಗೆರೆ ಎಳೆಸಿ, ಹೊಸದಾಗಿ ಬರೆಸಿದೆ. ಹೊಡೆದು ಹಾಕಿದ ಎರಡು ಸಾಲು ಹೋಯಿತು. ನಾಣ್ಯದ ಲೆಕ್ಕವನ್ನು ಕಚ್ಚಾ ಕೆಲಸ ಎಂದುಕೊಂಡು ಅದನ್ನೂ ಬಿಡಿಸಿದೆ. ‘ಒಂದು ಕಡೆ ಇಷ್ಟ’ ಎಂಬುದು ಮಕ್ಕಳಾಟದಂತೆ ಕಂಡು ‘ಎಂಟು 14 ಸಲ ಬಿದ್ದಿದೆ’ ಎಂದು ತಿದ್ದಿಸಿದೆ. ಉಳಿದದ್ದು ಮುದ್ದಾದ ಒಂದು ಪಟ್ಟಿ. ನೂರು ಸಲ ಎಸೆದು ಎಣಿಸು ಎಂದರೆ ಯಾವ ಮಗುವಾದರೂ ಮಾಡುವಂಥದ್ದು. ಮೊದಲು ಅಜ್ಜಿಯನ್ನು ಅನುಮಾನಿಸಿ, ಬಿಟ್ಟು, ಅದೃಷ್ಟವನ್ನು ಅನುಮಾನಿಸಿ, ಅದನ್ನೂ ಬಿಟ್ಟು, ಹೋಲಿಸಲು ನಾಣ್ಯ ಬೇಕು ಎಂದು ಹೊಳೆದದ್ದು, ಅಂದರೆ ತೋರಿಸಬೇಕಾಗಿದ್ದ ಅಷ್ಟೂ, ರಬ್ಬರಿನ ಪುಡಿಯಾಗಿ ಮೇಜಿನ ಮೇಲೆ ಬಿದ್ದಿತ್ತು. ಮೂಲ ಹಾಳೆಯನ್ನು ಕಸದ ಡಬ್ಬಿಗೆ ಹಾಕಿದವಳೂ ನಾನೇ. ಅಂದವಾದ ಬರವಣಿಗೆಗೆ ಐದು ಅಂಕ ಇದ್ದ ಶಾಲೆಯಲ್ಲಿ ಓದಿದವಳು. ಕೈ ತಾನಾಗಿಯೇ ರಬ್ಬರಿನ ಕಡೆ ಹೋಗುತ್ತದೆ.

ಅವನಿಗೆ ಮಕ್ಕಳ ತರ್ಕಶಕ್ತಿ ಅಳೆಯುವ ಕಾಗ್ಯಾಟ್‌ ಪರೀಕ್ಷೆಯಲ್ಲಿ 127 ಬಂದಿತ್ತು. ಅಲ್ಲಿ ಸರಾಸರಿ 100. 132 ಬಂದರೆ ಮಗು ಸುಮಾರಾಗಿ ನೂರರಲ್ಲಿ ಮೊದಲ ಇಬ್ಬರೊಳಗೆ. ಹೀಗೆ ಅಂಚಿನಲ್ಲಿ ನಿಂತ ಮಗುವಿಗೆ ಕಡತದ ಉಳಿದ ಹಾಳೆಗಳೇ ಮಾತಾಡಬೇಕು. ಆಯ್ಕೆಯಾಗಲಿಲ್ಲ. ಮೇಲ್ಮನವಿಗೆ ಅವಕಾಶ ಇತ್ತು, ಕಳಿಸಲು ನನ್ನ ಬಳಿ ಹಾಳೆ ಇರಲಿಲ್ಲ.

ಈಗ ನಿಮ್ಮ ಪ್ರಶ್ನೆ. ಅಬಾಕಸ್ಸೋ ಪೋಸ್ಟರೋ ಎಂದು ತೂಗುವುದೇ ವ್ಯರ್ಥ. ಅಬಾಕಸ್ ಪ್ರಮಾಣಪತ್ರ ನೀವು ಶುಲ್ಕ ಕಟ್ಟಿದ್ದೀರಿ ಎಂದು ಹೇಳುತ್ತದೆ, ಮಗಳು ಅಭ್ಯಾಸ ಮಾಡಿದ್ದಾಳೆ ಎಂದೂ ಹೇಳುತ್ತದೆ, ಅಷ್ಟೇ. ಪೋಸ್ಟರಿನ ಅಕ್ಷರ ನಿಮ್ಮ ಯಜಮಾನರು ಕಂಪ್ಯೂಟರಿನಲ್ಲಿ ಜೋಡಿಸಿದ್ದು ಎಂದು ನೀವೇ ಬರೆದಿದ್ದೀರಿ. ಹೊಸ ಪ್ರಾಜೆಕ್ಟ್ ಅಂತೂ ಬೇಡವೇ ಬೇಡ. ಅರ್ಜಿಗೆಂದು ಮಾಡಿಸಿದ್ದು ಅಮ್ಮನ ಪ್ರಾಜೆಕ್ಟ್ ಆಗಿಯೇ ತೀರುತ್ತದೆ. ಮಗಳ ಶಾಲೆಯ ಚೀಲದ ತಳ ನೋಡಿ. ನೋಟ್‌ಬುಕ್‌ಗಳ ಕೊನೆಯ ಪುಟ ನೋಡಿ. ಯಾರೂ ಕೇಳದೆ ಮಾಡಿದ್ದು, ನಡುವೆ ಮನಸ್ಸು ಬದಲಾಯಿಸಿದ್ದು ಯಾವುದಾದರೂ ಸಿಕ್ಕರೆ ಅದನ್ನು ಹಾಗೆಯೇ ಸ್ಕ್ಯಾನ್ ಮಾಡಿ. ಕನ್ನಡದ ಪದ ಇದ್ದರೆ ಇರಲಿ. ಚೌಕಾಬಾರ ಎಂದರೇನು ಎಂಬುದಕ್ಕೆ ಒಂದು ಸಾಲಿನ ಟಿಪ್ಪಣಿ ಸಾಕು. ತಾರೀಖು, ನೀವು ಎಷ್ಟು ನೆರವಾದಿರಿ ಎಂಬುದನ್ನೂ ಅಲ್ಲೇ ನಿಜವಾಗಿ ಬರೆಯಿರಿ. ಎಷ್ಟು ಪುಟ, ಯಾವ ದಿನದೊಳಗೆ ಎಂಬುದನ್ನು ಪಕ್ಕದ ಊರಿನವರ ಮಾತು ಕೇಳಿ ತೀರ್ಮಾನಿಸಬೇಡಿ. ವರ್ಜೀನಿಯಾದಲ್ಲಿ ಪ್ರತಿ ಶಾಲಾ ಜಿಲ್ಲೆಗೂ ತನ್ನದೇ ಗಿಫ್ಟೆಡ್ ಯೋಜನೆ ಇರುತ್ತದೆ, ನಿಮ್ಮದನ್ನು ಓದಿ.

ಎರಡು ವರ್ಷದ ನಂತರ ದಾವಣಗೆರೆಗೆ ಹೋದಾಗ ಅಮ್ಮನ ಮೊಬೈಲ್‌ನಲ್ಲಿ ಆ ಹಾಳೆಯ ಫೋಟೋ ಸಿಕ್ಕಿತು. ನಾನು ರಬ್ಬರ್ ಹಿಡಿಯುವ ಮೊದಲೇ ಮೊಮ್ಮಗನ ಅಕ್ಷರ ಚಂದ ಎಂದು ತೆಗೆದಿಟ್ಟುಕೊಂಡಿದ್ದರಂತೆ. ಇಂಗ್ಲಿಷ್ ಓದಲು ಬಾರದ ಅವರಿಗೆ ಅವನೇ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿದ. ಎಲ್ಲ ಕೇಳಿಸಿಕೊಂಡು ಅಮ್ಮ ಅಂದರು: “ಮೊದಲನೇ ಸಾಲು ಯಾಕೆ ಹೊಡೆದು ಹಾಕಿದೆ, ಪುಟ್ಟಾ? ಅದು ಸರಿಯಾಗಿಯೇ ಇತ್ತಲ್ಲ.”